ಬ್ರೇಕಿನ ದುಡ್ಡು, ಶರಣಪ್ಪನವರ ಹೆಸರು

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ರಕ್ಷಣಾ ಲೆಕ್ಕಪರಿಶೋಧನೆಯಲ್ಲಿ ಹಿರಿಯ ಅಧಿಕಾರಿಯಾಗಿದ್ದೆ. ಹುಟ್ಟೂರು ಸೇಡಂ. ವಾಡಿಯ ಹೊರಗಿದ್ದ ಸೇನೆಯ ಡಿಪೋ ಒಂದಕ್ಕೆ ಮೂರು ದಿನದ ತಪಾಸಣೆಗೆ ಹಾಕಿದಾಗ, ತವರಿನ ಕಡೆ ಕೆಲಸವೆಂದು ಖುಷಿಪಟ್ಟಿದ್ದೆ. ಗೇಟಿನಲ್ಲೇ ಮುಕ್ಕಾಲು ಗಂಟೆ ಬಿಸಿಲಿಗೆ ನಿಲ್ಲಿಸಿದರು.

ಲಾರಿಗಳ ನಿರ್ವಹಣೆಗೆ ಬಂದ ಹಣ ಅಧಿಕಾರಿಗಳ ಅತಿಥಿಗೃಹದ ನವೀಕರಣಕ್ಕೆ ಹೋಗಿತ್ತು. ಒಂದು ಬಾಬತ್ತಿನ ಹಣವನ್ನು ಇನ್ನೊಂದಕ್ಕೆ ತಿರುಗಿಸುವುದನ್ನು ಮರುವಿನಿಯೋಗ ಎನ್ನುತ್ತೇವೆ. ಅದು ಅಪರಾಧವಲ್ಲ. ಆದರೆ ಮೊದಲಿನ ಕೆಲಸಕ್ಕೆ ಆ ಹಣ ಬೇಕಿಲ್ಲವೆಂದು ಬರೆದುಕೊಡಬೇಕು. ಫೈಲಿನಲ್ಲಿ ಡಿಪೋ ಮುಖ್ಯಸ್ಥರ ಸಹಿಯಿದ್ದ ಆ ಪತ್ರವೂ ಇತ್ತು: ಎಲ್ಲ ವಾಹನಗಳೂ ಸುಸ್ಥಿತಿಯಲ್ಲಿವೆ.

ವರ್ಕ್‌ಶಾಪಿಗೆ ಹೋದೆ. ಹೆಡ್ ಮೆಕ್ಯಾನಿಕ್ ಶರಣಪ್ಪ ದಂಡೋತಿಯವರು. ಮೊದಲು ಬಾಯಿಯೇ ಬಿಡಲಿಲ್ಲ. ನನ್ನ ಸೇಡಂ ಮಾತು ಕೇಳಿದ ಮೇಲೆ ಕೈ ಒರೆಸಿಕೊಂಡು ಹತ್ತಿರ ಬಂದರು.

"ಏಳು ಗಾಡಿಗಿ ಬ್ರೇಕ್ ಸರಿ ಇಲ್ರಿ ಮೇಡಂ. ಮೂರು ಸಲ ಬರದು ಕೊಟ್ಟೀನಿ. ಡ್ರೈವರ್ ಮಂದಿ ಜೀವ ಕೈಯಾಗ ಹಿಡ್ಕೊಂಡು ಓಡಸ್ಲಿಕತ್ತಾರ."

ಡಿಪೋ ಮುಖ್ಯಸ್ಥರನ್ನು ಅಲ್ಲಿಗೇ ಕರೆಸಿದೆ. "ನಿಮ್ಮ ಕೆಲಸ ಕಾಗದ ನೋಡುವುದು, ಗಾಡಿಯನ್ನಲ್ಲ" ಎಂದು ಹಿಂದಿಯಲ್ಲಿ ಗದರಿದರು.

"ಕಾಗದದಲ್ಲಿ ಈ ಲಾರಿ ಸುಸ್ಥಿತಿಯಲ್ಲಿದೆ. ಹಾಗಾದರೆ ಹತ್ತಿ. ಚಿತ್ತಾಪುರದವರೆಗೆ ನಾನೂ ಬರುತ್ತೇನೆ" ಎಂದೆ.

ಅವರು ಹತ್ತಲಿಲ್ಲ. ಅದನ್ನೂ ವರದಿಯಲ್ಲಿ ಬರೆದೆ. ಸಾಕ್ಷಿ ಗಟ್ಟಿಯಾಗಲೆಂದು ಶರಣಪ್ಪನವರ ಮೂರು ಪತ್ರಗಳನ್ನೂ ಅವರ ಹೆಸರನ್ನೂ ಸೇರಿಸಿದೆ. ನನಗೆ ಸಿಟ್ಟು ಬಂದಿತ್ತು. ಆ ಸಿಟ್ಟಿನಲ್ಲಿ ಅವರನ್ನು ಒಂದು ಮಾತೂ ಕೇಳಲಿಲ್ಲ.

ವರದಿ ಗೆದ್ದಿತು. ಏಳು ಲಾರಿಗಳನ್ನು ನಿಲ್ಲಿಸಿ ಬ್ರೇಕ್ ಹಾಕಿಸಿದರು. ಮುಖ್ಯಸ್ಥರಿಗೆ ವರ್ಗವಾಯಿತು. ನನಗೆ ಪ್ರಶಂಸಾಪತ್ರ ಬಂತು.

ಮರುವರ್ಷ ಮತ್ತೆ ಹೋದಾಗ ಶರಣಪ್ಪ ವರ್ಕ್‌ಶಾಪಿನಲ್ಲಿರಲಿಲ್ಲ. ಹಿಂದಿನ ಶೆಡ್ಡಿನಲ್ಲಿ ಹಳೆಯ ಟೈರುಗಳನ್ನು ಕಾಯುತ್ತಿದ್ದರು. ಮುಖ್ಯಸ್ಥರು ಹೋಗುವ ಮುನ್ನ ಮಾಡಿದ ಕೊನೆಯ ಆದೇಶವಂತೆ. ನಮಸ್ಕಾರ ಎಂದೆ. ಅವರು ಕೈ ಎತ್ತಲಿಲ್ಲ.

"ನನ್ನ ಹೆಸರು ಯಾಕ ಬರದ್ರಿ? ನನಗ ಕೇಳಿದ್ರೇನು?"

"ತಪ್ಪಾತ್ರಿ" ಎಂದೆ.

"ನೀವು ಬರದು ಹೋದ್ರಿ. ನಾ ಇಲ್ಲೇ ಇರಾಂವ ಅಲ್ರಿ? ಹೋಗ್ರಿ ಇನ್ನ."

ಅವರನ್ನು ವರ್ಕ್‌ಶಾಪಿಗೆ ಮರಳಿಸುವಂತೆ ಎರಡು ಪತ್ರ ಬರೆದೆ. ನಾನು ನಿವೃತ್ತಳಾಗುವವರೆಗೂ ಉತ್ತರ ಬರಲಿಲ್ಲ. ಉಳಿದ ಆ ಒಂದು ವರ್ಷದಲ್ಲಿ, ನಿಜ ಹೇಳಿದ ಯಾರ ಹೆಸರನ್ನೂ ನಾನು ಕಾಗದಕ್ಕಿಳಿಸಲಿಲ್ಲ. ಗಾಡಿಯ ಕೆಳಗೆ ನಾನೇ ತೂರಿ, ನಾನೇ ನೋಡಿ, ವರದಿಯ ಕೆಳಗೆ ನನ್ನೊಬ್ಬಳ ಸಹಿ ಹಾಕಿದೆ. ಅಷ್ಟನ್ನು ನಾನು ಕಲಿಯಲು ಒಬ್ಬ ಒಳ್ಳೆಯ ಮೆಕ್ಯಾನಿಕ್ ತನ್ನ ಕೆಲಸ ಕಳೆದುಕೊಳ್ಳಬೇಕಾಯಿತು.