ಚೆನ್ನೈ ಬಿಸಿಲಲ್ಲಿ ಮಂಜುಳಾಳ ಎಸೆತ

ಮೇ ತಿಂಗಳ ಒಂದು ಬೆಳಗಿನ ಜಾವ ಮೈಸೂರಿನಿಂದ ಹೊರಟೆವು. ಹದಿನಾಲ್ಕು ಹುಡುಗಿಯರು, ಕೋಚ್ ನಂಜುಂಡ ಸರ್, ಡ್ರೈವರ್ ಶಿವಣ್ಣ. ವ್ಯಾನಿನ ನೆತ್ತಿಯ ಮೇಲೆ ಬ್ಯಾಟುಗಳ ಚೀಲ, ಹಾಸಿಗೆ ಸುರುಳಿಗಳು. ಚೆನ್ನೈನಲ್ಲಿ ಬೇಸಿಗೆ ರಜೆಯಲ್ಲಿ ನಡೆಯುತ್ತಿದ್ದ ಸಾಫ್ಟ್‌ಬಾಲ್ ಪಂದ್ಯಾವಳಿಗೆ ನಮ್ಮ ತಂಡಕ್ಕೆ ಮೊದಲ ಸಲ ಕರೆ ಬಂದಿತ್ತು. ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷವಾಗಿದ್ದ ಕಾಲ. ತಂಡಕ್ಕೆಲ್ಲ ಸೇರಿ ಇದ್ದದ್ದು ಸರ್ ಅವರ ಒಂದೇ ಮೊಬೈಲು.

ಸಾಫ್ಟ್‌ಬಾಲ್ ಎಂದರೆ ಬೇಸ್‌ಬಾಲಿಗೆ ತೀರ ಹತ್ತಿರದ ಆಟ. ಚೆಂಡು ಸ್ವಲ್ಪ ದೊಡ್ಡದು. ತೋಳನ್ನು ಗಿರ್ರನೆ ಸುತ್ತಿ ಸೊಂಟದ ಮಟ್ಟದಿಂದ ಎಸೆಯಬೇಕು. ಎಸೆಯುವವಳು ಪಿಚರ್. ಹೊಡೆಯುವವಳ ಹಿಂದೆ ಕುಕ್ಕರುಗಾಲಲ್ಲಿ ಕೂತು ಹಿಡಿಯುವವಳು ಕ್ಯಾಚರ್. ನಮ್ಮ ಪಿಚರ್ ಮಂಜುಳಾ, ಕ್ಯಾಚರ್ ನಾನು. ಕಾಲೇಜಿನ ಮೊದಲ ವರ್ಷದಿಂದ ಅವಳು ಎಸೆದದ್ದನ್ನೆಲ್ಲ ಹಿಡಿದವಳು ನಾನೇ.

ಹೊಸೂರು ದಾಟಿದ ಮೇಲೆ ರಸ್ತೆ ಅಗಲ ಮಾಡುತ್ತಿದ್ದರು. ಅರ್ಧ ರಸ್ತೆ ಜಲ್ಲಿ, ಅರ್ಧ ಧೂಳು. ಹಿಂದಿನ ಸೀಟಿನವರು ಹಾಡುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಮಂಜುಳಾ ಮಾತ್ರ ಕಿಟಕಿ ತೆಗೆಯುವುದು, ಮುಚ್ಚುವುದು ಮಾಡುತ್ತಲೇ ಇದ್ದಳು. ರೈಲ್ವೆ ತಂಡದ ಕೋಚ್ ಮೇಡಂ ಒಬ್ಬರು ಆಟಗಾರ್ತಿಯರನ್ನು ಆರಿಸಲು ಈ ಪಂದ್ಯಾವಳಿಗೆ ಬರುತ್ತಾರೆ ಎಂದು ಸರ್ ಹೇಳಿದ್ದರು. ಆಯ್ಕೆಯಾದರೆ ಕಾಯಂ ನೌಕರಿ. ಇಪ್ಪತ್ತೈದು ತುಂಬಿದವರನ್ನು ತೆಗೆದುಕೊಳ್ಳುವುದಿಲ್ಲ. ಮಂಜುಳಾಗೆ ಆಗಸ್ಟಿನಲ್ಲಿ ಇಪ್ಪತ್ತೈದು ತುಂಬುತ್ತಿತ್ತು. ಒಂದು ಖಾಸಗಿ ಶಾಲೆಯಲ್ಲಿ ಡ್ರಿಲ್ ಟೀಚರಾಗಿದ್ದ ಅವಳಿಗೆ ಬೇಸಿಗೆ ರಜೆಯ ಸಂಬಳವೂ ಇರಲಿಲ್ಲ.

ಆಂಬೂರಿನ ಹತ್ತಿರ ಚರ್ಮ ಹದ ಮಾಡುವ ಕಾರ್ಖಾನೆಗಳ ವಾಸನೆ ವ್ಯಾನಿನೊಳಕ್ಕೆ ನುಗ್ಗಿತು, ಹಾಡು ನಿಂತಿತು. ವೆಲ್ಲೂರಿನಲ್ಲಿ ಬಾಳೆಲೆ ಊಟ. ಸುಮಾರು ಐನೂರು ಕಿಲೋಮೀಟರು ಕುಲುಕಿಸಿಕೊಂಡು ಚೆನ್ನೈನ ಎಗ್ಮೋರ್ ಸೇರುವಷ್ಟರಲ್ಲಿ ಸಂಜೆಯಾಗಿತ್ತು. ವಸತಿ ಒಂದು ಶಾಲೆಯಲ್ಲಿ. ಬೆಂಚುಗಳನ್ನು ಜೋಡಿಸಿದರೆ ಅದೇ ಮಂಚ. ಆ ವರ್ಷ ಚೆನ್ನೈಗೆ ನೀರಿಲ್ಲ. ಬೆಳಿಗ್ಗೆ ಲಾರಿ ಬಂದರೆ ಒಬ್ಬೊಬ್ಬರಿಗೆ ಒಂದು ಬಕೆಟ್. ಬೆವರು ಮಾತ್ರ ಧಾರಾಳ. ರೈಲ್ವೆ ನಿಲ್ದಾಣದ ಕೂಗು ಕಿಟಕಿಯಿಂದ ಕೇಳುತ್ತಿತ್ತು: ಯಾವುದೋ ಗಾಡಿ ಬರುತ್ತದೆ, ಯಾವುದೋ ಗಾಡಿ ಹೊರಡುತ್ತದೆ.

ಮಾರನೆಯ ಬೆಳಿಗ್ಗೆ ಬಿಸಿಲೇರುವ ಮೊದಲೇ ನುಂಗಂಬಾಕ್ಕಂ ಕಡೆಯ ಮೈದಾನದಲ್ಲಿ ಮೊದಲ ಪಂದ್ಯ. ಮಧುರೆಯ ತಂಡವನ್ನು ಸುಲಭವಾಗಿ ಸೋಲಿಸಿದೆವು. ಎಲ್ಲರೂ ಮಂಜುಳಾಳ ಬೆನ್ನು ತಟ್ಟಿದರು. ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ ರೈಲ್ವೆ ಮೇಡಂ ಕೂಡ ಒಮ್ಮೆ ಚಪ್ಪಾಳೆ ಹೊಡೆದರು.

ನನಗೆ ಮಾತ್ರ ಸಮಾಧಾನವಿರಲಿಲ್ಲ. ಮಂಜುಳಾಳ ಚೆಂಡು ಹಿಡಿದ ದಿನ ಗ್ಲೌಸಿನೊಳಗೆ ನನ್ನ ಅಂಗೈ ಕೆಂಪಗಾಗಿ ಉರಿಯಬೇಕು. ಅವತ್ತು ಉರಿ ಇರಲಿಲ್ಲ.

"ಕೈ ನೋಯ್ತಿದೆಯೇನೇ?" ಎಂದು ಕೇಳಿದೆ.

"ಬಿಸಿಲು ಕಣೇ. ಸುಮ್ನಿರು."

ಮಧ್ಯಾಹ್ನ ಶಾಲೆಯಲ್ಲಿ ಕರೆಂಟಿಲ್ಲ. ಮಲಗಿದರೆ ಬೆಂಚು ಬೆನ್ನಿಗಂಟುತ್ತಿತ್ತು, ಎದ್ದು ನಿಂತರೆ ಮಾಡಲು ಕೆಲಸವಿಲ್ಲ. ಸರ್ ಅವರನ್ನು ಕೇಳಿ ನಾವಿಬ್ಬರೂ ಬಸ್ ಹಿಡಿದು ಬೆಸೆಂಟ್ ನಗರದ ನಮ್ಮ ಕುಸುಮತ್ತೆಯ ಮನೆಗೆ ಹೋದೆವು. ಅತ್ತೆ ವಿಮಾ ಕಚೇರಿಯಲ್ಲಿದ್ದರು, ಮದ್ರಾಸಿಗೆ ಬಂದು ಇಪ್ಪತ್ತು ವರ್ಷ.

"ವಾಂಗ ವಾಂಗ... ಅಯ್ಯೋ, ಬನ್ರೇ ಒಳಗೆ! ಮೊದ್ಲು ಮೋರು ಕುಡೀರಿ, ಆಮೇಲೆ ಸಾದ ಹಾಕ್ತೀನಿ," ಎಂದವರೇ ತಮಗೇ ನಗು ಬಂದು, "ಮಜ್ಜಿಗೆ, ಅನ್ನ ಅನ್ನೋದೇ ಮರ್ತುಹೋಗಿದೆ ನೋಡು ನನಗೆ," ಎಂದರು. ಅವರ ಮಗಳು ನಮ್ಮ ಕನ್ನಡಕ್ಕೆಲ್ಲ ತಲೆಯಾಡಿಸಿ ತಮಿಳಿನಲ್ಲೇ ಉತ್ತರ ಕೊಟ್ಟಳು. ಮಂಜುಳಾ ಎಡಗೈಯಲ್ಲಿ ಚಮಚ ಹಿಡಿದು ಉಂಡಳು.

ಸಂಜೆ ಸಮುದ್ರದ ದಂಡೆಗೆ ನಡೆದೆವು. ಕಡಲೆ ಉಸಲಿಯಂಥ ಸುಂಡಲ್ ಮಾರುವವರು, ಮರಳಲ್ಲಿ ಮನೆ ಕಟ್ಟುವ ಮಕ್ಕಳು. ಗಾಳಿಗೆ ಮಂಜುಳಾಳ ಜಡೆ ಬಿಚ್ಚಿತು. ಕಟ್ಟಿಕೊಳ್ಳಲು ಬಲಗೈ ಎತ್ತಿದಳು. ಭುಜದ ಮಟ್ಟದಿಂದ ಮೇಲಕ್ಕೆ ಕೈ ಏರಲೇ ಇಲ್ಲ. ಮುಖ ತಿರುಗಿಸಿಕೊಂಡಳು.

"ಯಾವಾಗಿಂದ?"

"ಮಾರ್ಚಿಂದ. ಎರಡೇ ಮ್ಯಾಚು ಕಣೇ ಇನ್ನು. ಸರ್‌ಗೆ ಹೇಳ್ಬೇಡ. ನನ್ನಾಣೆ."

ನಾನು ಆಣೆ ಇಡಲಿಲ್ಲ, ಹೇಳುತ್ತೇನೆ ಎಂದೂ ಅನ್ನಲಿಲ್ಲ. ಅವಳ ಜಡೆ ಹೆಣೆದುಕೊಟ್ಟೆ. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗಲಿಲ್ಲ. ಕಂಬಿ ಹಿಡಿದು ನಿಂತೇ ಬಂದೆ. ಅವಳ ಸಂಬಳವನ್ನೇ ನಂಬಿದ್ದ ಮನೆಯ ಸ್ಥಿತಿ ನನಗೆ ಗೊತ್ತಿತ್ತು. ಅವಳ ತೋಳಿನ ಸ್ಥಿತಿಯೂ ಈಗ ಗೊತ್ತಾಗಿತ್ತು. ಎರಡರಲ್ಲಿ ಯಾವುದನ್ನು ಕಾಯ್ದರೆ ನಾನು ಸ್ನೇಹಿತೆ ಎಂಬುದೇ ತಿಳಿಯದಾಯಿತು.

ಮೂರನೆಯ ದಿನ ಬೆಳಿಗ್ಗೆ ಸೆಮಿಫೈನಲ್, ಕೇರಳದ ತಂಡದ ಮೇಲೆ. ಎರಡು ಇನ್ನಿಂಗ್ಸ್ ಹೇಗೋ ಸಾಗಿತು. ಮೂರನೆಯದರಲ್ಲಿ ಅವಳು ಎಸೆದ ಒಂದು ಚೆಂಡು ನನ್ನ ತನಕ ಬಾರದೆ ನೆಲಕ್ಕೆ ಬಿತ್ತು. ಎಸೆದ ಗಳಿಗೆಯಲ್ಲಿ ಅವಳ ಬಾಯಿಂದ ಸಣ್ಣಗೆ ಒಂದು ಚೀತ್ಕಾರ ಬಂತು. ಅಷ್ಟು ದೂರದಿಂದ ಅದು ನನಗೊಬ್ಬಳಿಗೇ ಕೇಳಿಸಿರಬೇಕು. ಅಂಪೈರರನ್ನು ಕೇಳಿ ಆಟ ನಿಲ್ಲಿಸಿ ಅವಳ ಬಳಿ ನಡೆದೆ.

"ವಾಪಸ್ ಹೋಗು," ಎಂದಳು. ತುಟಿ ಬಿಳಿಚಿತ್ತು.

"ನೀನೇ ಹೇಳ್ತೀಯೋ, ನಾನು ಹೇಳ್ಲೋ?"

"ಆ ಮೇಡಂ ನೋಡ್ತಿದ್ದಾರೆ. ಸವಿತಾ, ಇದೊಂದು ಮ್ಯಾಚು. ಕಾಲಿಗೆ ಬೀಳ್ತೀನಿ."

"ನಾಳೆ ಕೈಯೇ ಎತ್ತಕ್ಕಾಗ್ದೆ ಹೋದ್ರೆ ಆ ಕೆಲ್ಸ ತಗೊಂಡು ಏನ್ ಮಾಡ್ತೀಯೆ?"

"ಅದು ನನ್ ಕೈ. ನಿಂದಲ್ಲ."

ತಿರುಗಿ ಸರ್ ಕಡೆ ಕೈಬೀಸಿದೆ. ಅವರು ಓಡಿಬಂದು ಅವಳ ಭುಜ ಮುಟ್ಟಿದ ಕೂಡಲೇ ಅವಳು ಕೂತುಬಿಟ್ಟಳು. ಆಮೇಲೆ ಎದ್ದು, ಚೆಂಡನ್ನು ನನ್ನ ಕಾಲ ಬಳಿ ಹಾಕಿ, ಯಾರ ಮುಖವನ್ನೂ ನೋಡದೆ ಮೈದಾನದಿಂದ ಹೊರಗೆ ನಡೆದಳು. ಬದಲಿ ಪಿಚರ್ ಹೆದರಿ ಹೆದರಿ ಎಸೆದಳು. ಹೀನಾಯವಾಗಿ ಸೋತೆವು.

ಎಗ್ಮೋರಿನ ಮೂಳೆ ಡಾಕ್ಟರು, ತೋಳಿನ ಸ್ನಾಯು ಹರಿದಿದೆ, ಮೂರು ತಿಂಗಳು ಎಸೆಯುವ ಹಾಗಿಲ್ಲ, ಆಮೇಲೆ ನೋಡೋಣ ಎಂದರು. ಮೂರು ತಿಂಗಳೆಂದರೆ ಆಗಸ್ಟು.

ಮಧ್ಯಾಹ್ನ ಸಾಮಾನು ಕಟ್ಟುತ್ತಿದ್ದಾಗ ರೈಲ್ವೆ ಮೇಡಂ ಶಾಲೆಗೇ ಬಂದರು. ಮಂಜುಳಾಳ ಯೋಗಕ್ಷೇಮ ಕೇಳಿದರು. ಆಮೇಲೆ ಸರ್ ಅವರಿಗೆ, "ಆ ಕ್ಯಾಚರ್ ಹುಡುಗಿಯನ್ನು ಜೂನ್ ಕೊನೆಗೆ ಟ್ರಯಲ್ಸಿಗೆ ಕಳಿಸಿಕೊಡಿ," ಎಂದು ಇಂಗ್ಲಿಷಿನಲ್ಲಿ ಹೇಳಿಹೋದರು. ಸರ್ ನನ್ನ ಕಡೆ ನೋಡಿ ನಕ್ಕರು. ಅವಳ ಸ್ಥಾನವನ್ನು ಕಿತ್ತುಕೊಂಡವಳ ಹಾಗೆ ಎಲ್ಲರೆದುರು ನಿಂತಿದ್ದೆ.

ಹೊರಟಾಗ ಬಿಸಿಲು ಇಳಿಯುತ್ತಿತ್ತು. ಪೂನಮಲ್ಲಿ ದಾಟುವವರೆಗೂ ಲಾರಿಗಳ ಸಾಲು. ಮಂಜುಳಾ ಕೈಗೆ ಜೋಲಿ ಕಟ್ಟಿಕೊಂಡು ನನ್ನ ಪಕ್ಕದಲ್ಲೇ ಕೂತಿದ್ದಳು. ಬೇರೆ ಸೀಟು ಖಾಲಿ ಇರಲಿಲ್ಲ. ಬೇರೆಯವರ ಬಾಯಿಂದ ಕೇಳುವುದು ಬೇಡ ಎಂದುಕೊಂಡು ಶ್ರೀಪೆರಂಬದೂರಿನ ಹತ್ತಿರ ಮೇಡಂ ಹೇಳಿದ್ದನ್ನು ನಾನೇ ಹೇಳಿದೆ. ಅವಳು ಕೇಳಿಸಿಕೊಂಡು ಕಿಟಕಿಗೆ ತಲೆಯಾನಿಸಿದಳು. ಕೆರೆಗಳು ಒಣಗಿ ಬಿರುಕು ಬಿಟ್ಟಿದ್ದವು. ಟೀ ಕುಡಿಯಲು ನಿಲ್ಲಿಸಿದ ಕಡೆ ಅವಳು ಇಳಿಯಲಿಲ್ಲ. ಒಂದು ಲೋಟ ತಂದುಕೊಟ್ಟೆ. ಕುಡಿದು ಲೋಟ ವಾಪಸ್ ಕೊಟ್ಟಳು, ಅಷ್ಟೇ.

ರಸ್ತೆ ಕೆಲಸದ ಧೂಳಿನಲ್ಲಿ ವ್ಯಾನು ತೆವಳುತ್ತಿದ್ದಾಗ ಅವಳು ಇದ್ದಕ್ಕಿದ್ದಂತೆ ಕೇಳಿದಳು:

"ಟ್ರಯಲ್ಸಿಗೆ ನಿಂಗೆ ಯಾರು ಪ್ರಾಕ್ಟೀಸ್ ಕೊಡ್ತಾರೆ?"

"ಗೊತ್ತಿಲ್ಲ. ನಾನು ಹೋಗೋದೇ ಬೇಡ ಅಂತ..."

"ಹುಚ್ಚುಚ್ಚಾಗಿ ಆಡ್ಬೇಡ. ನಾನ್ ಎಡಗೈಲಿ ಎಸೀತೀನಿ. ಅಡ್ಡಾದಿಡ್ಡಿ ಬರುತ್ತೆ, ಬಿದ್ದು ಎದ್ದು ಹಿಡೀಬೇಕು. ಆಗುತ್ತಾ?"

"ಆಗುತ್ತೆ."

"ನಿನ್ ಮೇಲೆ ಸಿಟ್ಟು ಹೋಗಿಲ್ಲ, ತಿಳ್ಕೋ."

"ಹೂಂ."

"ಸೋಮವಾರ ಆರು ಗಂಟೆಗೆ ಗ್ರೌಂಡಿಗೆ ಬಾ. ಲೇಟಾಗಿ ಬಂದ್ರೆ ನಾನಿರಲ್ಲ."

ಮೈಸೂರು ಮುಟ್ಟಿದಾಗ ಎಲ್ಲರೂ ತೂಕಡಿಸುತ್ತಿದ್ದರು. ಅವಳ ಬೀದಿಯ ತಿರುವಿನಲ್ಲಿ ಶಿವಣ್ಣ ವ್ಯಾನು ನಿಲ್ಲಿಸಿದ. ಚೀಲ ಹಿಡಿಯಲು ಹೋದೆ. ಬೇಡವೆಂದು ತಲೆಯಾಡಿಸಿ ಅದನ್ನು ಎಡಹೆಗಲಿಗೆ ಏರಿಸಿಕೊಂಡು ಇಳಿದಳು. ಹಿಂದಿನ ಗಾಜಿನಲ್ಲಿ ನೋಡುತ್ತಿದ್ದೆ. ಅವಳು ಚೀಲವನ್ನು ಕೆಳಗಿಟ್ಟು ಎಡಗೈಯಲ್ಲಿ ತನ್ನ ಮನೆಯ ಬಾಗಿಲು ತಟ್ಟಿದಳು. ವ್ಯಾನು ತಿರುಗಿತು.