ಬ್ರೇಕ್ ಹತ್ತದ ಅಜ್ಜನ ಕಾರು

ಗೆಳೆಯಾರ, ಒಂದು ಮಾತು ಕೇಳ್ರಿ. ಮಹಾಯುದ್ಧಕ್ಕಿಂತ ಮೊದಲಿನ ನಮ್ಮಜ್ಜನ ತೆರೆದ ಕಾರಿಗೆ ಬೆಲಿ ಕಟ್ಟಾಕ ಇವತ್ತು ಪುಣೇದಿಂದ ತಜ್ಞರೊಬ್ಬರು ಬಂದಿದ್ರು. "ಓಡಿಸಿ ತೋರಸ್ರಿ" ಅಂದ್ರು. ಅವರನ್ನ ಬಾಜೂಕ, ಮೆಕ್ಯಾನಿಕ್ ಹುಸೇನ್ ಕಾಕಾನ್ನ ಹಿಂದ ಕೂಡಿಸ್ಕೊಂಡು ಹೊಂಟ್ನಿ.

ಗಬ್ಬೂರ ಬೈಪಾಸಿನ ಇಳಿಜಾರಿನ್ಯಾಗ ಬ್ರೇಕ್ ಒತ್ತಿದ್ನಿ. ಕಾಲು ತಳಾ ಮುಟ್ಟಿತು, ಗಾಡಿ ನಿಲ್ಲಲಿಲ್ಲ. ಮುಂದ ಲಾರಿ ನಿಂತಿತ್ತು.

ಮ್ಯಾಲೆ ಟಾಪ್ ಇರಲಿಲ್ಲಲ್ಲ, ಕಾಕಾ ಸೀಟಿನ ಮ್ಯಾಲೆ ಎದ್ದು ನಿಂತು, "ಮಗಳ, ಎಡಕ್ಕ! ಉಸುಕಿನ ಗುಡ್ಡಿಗೆ ಹೊಡಿ!" ಅಂತ ಒದರಿದ್ರು. ಕಣ್ಣ ಮುಚ್ಚಿ ತಿರುವಿದ್ನಿ. ಗಾಡಿ ಉಸುಕಿನ್ಯಾಗ ಹುಗದು ನಿಂತಿತು. ಮೂವರೂ ಉಳದಿವಿ.

ತಜ್ಞರು ಮೀಸಿಯಾಗಿನ ಉಸುಕು ಒರಸ್ಕೊಂಡು, "ಅಮೂಲ್ಯ ಗಾಡಿರಿ, ಯಾರಿಗೂ ಮಾರಬ್ಯಾಡ್ರಿ" ಅಂದ್ರು. ಆಮ್ಯಾಲೆ ಬಸ್ ಸ್ಟಾಪ್ ಎಲ್ಲೈತಿ ಅಂತ ಕೇಳಿದ್ರು.