ಚೆಂಡು ಇಲ್ಲದ ಕಡೆ

ಆ ದಿನ ಅವನು ಎದ್ದು ನಿಂತನೋ ಇಲ್ಲವೋ ಎಂಬುದು ನನಗೆ ಬಹಳ ಕಾಲ ಖಚಿತವಿರಲಿಲ್ಲ. ನಿಂತ ಹಾಗೆ ನೆನಪು. ಕಂದು ಬಣ್ಣದ ಮಂಕಿ ಟೋಪಿ, ಮೊಣಕಾಲ ಮೇಲಿಂದ ಜಾರಿ ಕೆಳಗಿನ ಸಾಲಿಗೆ ಬಿದ್ದ ಕಂಬಳಿ, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಕಣ್ಣಿಗೆ ಕಟ್ಟಿದ ಹಾಗಿರುವ ನೆನಪುಗಳ ಮೇಲೇ ನನಗೆ ಅನುಮಾನ ಹೆಚ್ಚು. ಸತ್ತವರ ಬಗ್ಗೆ ನಾವು ನಮಗೆ ಬೇಕಾದ್ದನ್ನು ನೆನಪಿಸಿಕೊಳ್ಳುತ್ತೇವೆ. ಅವರು ಬಂದು ತಿದ್ದುವುದಿಲ್ಲ. ಅವನ ಹೆಂಡತಿಯಂತೂ ಆ ಮ್ಯಾಚಿಗೆ ಅವನು ಹೋಗಿಯೇ ಇರಲಿಲ್ಲ ಎನ್ನುತ್ತಾಳೆ.

ಅವನು ಅಂದರೆ ನನ್ನ ಗೆಳೆಯ, ಧಾರವಾಡದ ಕಡೆಯ ಇಂಜಿನಿಯರ್. ನಾನು ಮೈಸೂರಿನವನು, ಸಂಖ್ಯಾಶಾಸ್ತ್ರ ಓದಿ, ವಿಮೆ ಕಂಪನಿಯಲ್ಲಿ ಯಾರ ಆಯುಷ್ಯ ಎಷ್ಟಿರಬಹುದು ಎಂದು ಅಂದಾಜು ಮಾಡುವ ಕೆಲಸದಲ್ಲಿದ್ದೇನೆ. ಈ ದೇಶಕ್ಕೆ ಹೊಸದಾಗಿ ಬಂದಾಗ ಇಬ್ಬರೂ ವಿಮಾನ ನಿಲ್ದಾಣದ ಪಕ್ಕದ ಮಾಲ್ಟನ್ನಿನ ಒಂದೇ ಬೇಸ್‌ಮೆಂಟಿನಲ್ಲಿದ್ದೆವು. ತಲೆಯ ಮೇಲೆ ವಿಮಾನ ಹೋದಾಗ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ಬಿಟ್ಟ ಪದದಿಂದಲೇ ಜಗಳ ಮುಂದುವರಿಸುತ್ತಿದ್ದೆವು. ಆಮೇಲೆ ಅವನು ಸ್ಟ್ರೀಟ್ಸ್‌ವಿಲ್‌ನಲ್ಲಿ ಮನೆ ಕೊಂಡು ಅಲ್ಲೇ ಬೇರುಬಿಟ್ಟ. ನಾನು ಎಲ್ಲೂ ಸರಿಹೋಗದೆ ಮನೆ ಬದಲಿಸುತ್ತ, ಕೆಲಸ ಬದಲಿಸುತ್ತ ಜಾರ್ಜ್‌ಟೌನ್ ಮುಟ್ಟಿದೆ. ಇಲ್ಲಿಂದಲೂ ಹೊರಡುವ ಯೋಚನೆ ಆಗಾಗ ಬರುತ್ತದೆ.

ಅವನ ಮಗ ಇಲ್ಲಿಯೇ ಹುಟ್ಟಿದವನು. ನಮ್ಮ ಕೂಟಗಳ ಫೋಟೋಗಳಲ್ಲಿ ಹಿಂದಿನ ಸಾಲಿನಲ್ಲಿ ನಿಂತರೂ ಬಾಗಿಲಿನಷ್ಟು ಕಾಣುತ್ತಿದ್ದ. ಯೂನಿವರ್ಸಿಟಿ ತಂಡಕ್ಕೆ ಫುಟ್‌ಬಾಲ್ ಆಡುತ್ತಿದ್ದ. ಒದೆಯುವ ಫುಟ್‌ಬಾಲಲ್ಲ, ಹೆಲ್ಮೆಟ್ ಹಾಕಿಕೊಂಡು ಡಿಕ್ಕಿ ಹೊಡೆಯುವ ಇಲ್ಲಿನ ಫುಟ್‌ಬಾಲ್. ಅದರಲ್ಲಿ ಅವನ ಜಾಗಕ್ಕೆ ಟೈಟ್ ಎಂಡ್ ಎಂದು ಹೆಸರು. ಮುಂದಿನ ಸಾಲಿನ ತುದಿಯಲ್ಲಿ ನಿಂತು ಒಮ್ಮೆ ಎದುರಾಳಿಯನ್ನು ತಡೆದು ತನ್ನವನಿಗೆ ದಾರಿ ಮಾಡಿಕೊಡಬೇಕು, ಇನ್ನೊಮ್ಮೆ ತಾನೇ ಓಡಿ ಚೆಂಡು ಹಿಡಿಯಬೇಕು. ಕ್ರಿಕೆಟ್ಟಿನ ಕೀಪರಿಗೆ ಬ್ಯಾಟಿಂಗೂ ಬರಬೇಕಲ್ಲ, ಹಾಗೆ. ಓದಿನ ಕೊನೆಗೆ ಬಂದ ಆಟಗಾರರನ್ನು ವೃತ್ತಿ ತಂಡಗಳು ವಸಂತದಲ್ಲಿ ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಅದು ಡ್ರಾಫ್ಟ್. ಅದರಲ್ಲಿ ಮಗನ ಹೆಸರು ಬರುತ್ತದೆಯೇ ಎಂಬುದು ಗೆಳೆಯನಿಗೆ ತಿಳಿಯಬೇಕಿತ್ತು, ಬೇಗ ತಿಳಿಯಬೇಕಿತ್ತು. ಮಗ ಓದಿನ ಕೊನೆಯ ವರ್ಷಕ್ಕೆ ಬಂದ ಬೇಸಿಗೆಯಲ್ಲಿ ಗೆಳೆಯನ ಯಕೃತ್ತಿನಲ್ಲಿ ಗಡ್ಡೆ ಸಿಕ್ಕಿತ್ತು. ವಸಂತ ಅವನಿಗೆ ದೂರವಿತ್ತು.

"ಜನಾ ಎಷ್ಟ್ ವರ್ಷ ಬದುಕ್ತಾರ ಅಂತ ಹೇಳಾಂವ ನೀ," ಅಂದ. "ಹುಡುಗನ್ನ ಆರಿಸ್ತಾರೋ ಇಲ್ಲೋ ಹೇಳಲಿಕ್ಕೆ ಆಗೂದಿಲ್ಲೇನು?"

"ಒಬ್ಬೊಬ್ಬರ ಬಗ್ಗೆ ಹೇಳೋಕಾಗಲ್ಲ ಕಣೋ. ಸಾವಿರ ಜನಾನ ಕೊಡು, ಹೇಳ್ತೀನಿ."

"ಸಾವಿರ ಎಲ್ಲಿಂದ ತರ್ಲಿ? ಇರಾಂವ ಒಬ್ಬ."

ಹೀಗೆ ಭಾನುವಾರ ಮಧ್ಯಾಹ್ನಗಳಲ್ಲಿ ಅವನ ಬೇಸ್‌ಮೆಂಟಿನಲ್ಲಿ ಕೂತು ಮಗನ ಆಟದ ವೀಡಿಯೊ ನೋಡುವುದು ಶುರುವಾಯಿತು. ಟಿವಿಯಲ್ಲಿ ಬರುವಂಥದ್ದಲ್ಲ, ಕೋಚುಗಳಿಗೋಸ್ಕರ ಮೈದಾನದ ಒಂದು ಬದಿಯ ಎತ್ತರದಿಂದ ತೆಗೆಯುವ, ಎಲ್ಲ ಆಟಗಾರರೂ ಕಾಣುವ, ಸದ್ದಿಲ್ಲದ ವೀಡಿಯೊ. ಚೌಕಟ್ಟಿನ ಮೇಲಂಚಿನಲ್ಲಿ ಎದುರು ಬದಿಯ ಗ್ಯಾಲರಿ ಕಾಣುತ್ತಿತ್ತು, ಅಲ್ಲಿ ಸಾಸಿವೆ ಚೆಲ್ಲಿದ ಹಾಗೆ ಜನ. ಅವನ ಹೆಂಡತಿ ಚಹಾ ತಂದವಳು ಬಗ್ಗಿ, "ಇದರಾಗ ನಾ ಎಲ್ಲಿದೀನಿ ನೋಡ್ರಿ," ಎಂದು ತನ್ನನ್ನೇ ಹುಡುಕಿಕೊಳ್ಳುತ್ತಿದ್ದಳು.

ಇಂಥ ಆಟಗಾರನನ್ನು ಹೇಗೆ ಅಳೆಯುತ್ತಾರೆ ಎಂದು ನಾನು ಸಿಕ್ಕಿದ್ದನ್ನೆಲ್ಲ ಓದಿದೆ. ಕಲಿತ ಮೊದಲ ಪಾಠವೆಂದರೆ ಚೆಂಡನ್ನು ನೋಡಬಾರದು. ಚೆಂಡು ಎಲ್ಲಿಗೆ ಹೋದರೂ ತುದಿಯಲ್ಲಿ ನಿಂತವನ ಪಾದಗಳ ಮೇಲೆ ಕಣ್ಣಿರಬೇಕು. ಮೊದಲ ಹೆಜ್ಜೆ ಚಿಕ್ಕದಾಗಿದೆಯೇ, ಮೊಣಕಾಲು ಬಾಗಿದೆಯೇ, ಕೈಗಳು ಎದುರಿನವನ ಎದೆಗೆ ಬಿದ್ದವೋ ಭುಜಕ್ಕೆ ಜಾರಿದವೋ, ಡಿಕ್ಕಿಯಾದ ಮೇಲೂ ಕಾಲು ಆಡುತ್ತಲೇ ಇದೆಯೇ. ಗೆಳೆಯನಿಗೆ ಇದು ಸುಲಭವಾಗಲಿಲ್ಲ. ಮಗ ಚೆಂಡು ಹಿಡಿಯುವುದನ್ನು ನೋಡಲು ಅವನ ಕಣ್ಣು ತಾನಾಗಿ ಅತ್ತ ಓಡುತ್ತಿತ್ತು.

"ಚೆಂಡ ಎಲ್ಲಿ ಹೋತು?"

"ಅದನ್ನ ಬಿಡು. ಅವನ ಕಾಲು ನೋಡು."

"ಕಾಲೇನ ನೋಡೂದು ಮಾರಾಯಾ, ನನ್ನವ ಅವು. ಬೂಟು ನಾನ ಕೊಡಿಸೀನಿ."

ಕ್ರಮೇಣ ಕಲಿತ. ಔಷಧದ ಸುಸ್ತಿನಲ್ಲಿ ಸೋಫಾದ ಮೇಲೆ ಮಲಗಿಕೊಂಡೇ, "ಈ ಸಲ ಎದಿಗೆ ಕೈ ಹಾಕ್ಯಾನ ನೋಡು," ಎನ್ನುವಷ್ಟಾದ. ನನ್ನ ಅಂದಾಜು ಇಷ್ಟಿತ್ತು: ತಡೆಯುವುದರಲ್ಲಿ ಗಟ್ಟಿ, ಕೈ ಒಳ್ಳೆಯದು, ಓಡುತ್ತ ತಿರುಗುವಾಗ ನಿಧಾನ. ಆ ನಿಧಾನ ಸಾಲದೇ ಹೋಗಬಹುದು. ಅಲ್ಲದೆ ಈ ದೇಶದ ತಂಡಗಳಲ್ಲಿ ಟೈಟ್ ಎಂಡಿಗೆ ಜಾಗವೂ ಕಡಿಮೆ. ಹೀಗೆಂದು ಅವನಿಗೆ ಹೇಳಿದೆ. ಅವನು, "ನಾ ಕೇಳಿದ್ದು ಒಂದು, ನೀ ಹೇಳಿದ್ದು ಇನ್ನೊಂದು," ಅಂದ.

ಆ ಶರತ್ಕಾಲದಲ್ಲಿ ಒಂದು ವೃತ್ತಿ ತಂಡದ ಸ್ಕೌಟ್, ಅಂದರೆ ಆಟಗಾರರನ್ನು ನೋಡಿ ವರದಿ ಮಾಡುವವನು, ಸ್ಟ್ರೀಟ್ಸ್‌ವಿಲ್‌ನ ಮನೆಗೆ ಬಂದ. ವಯಸ್ಸಾದ ಮನುಷ್ಯ, ತಾನೂ ಆಡಿದವನು, ಕುರ್ಚಿಯಿಂದ ಏಳುವಾಗ ಮೇಜು ಹಿಡಿದುಕೊಳ್ಳುತ್ತಿದ್ದ. ಅಡುಗೆಮನೆಯ ಮೇಜಿನ ಸುತ್ತ ನಾವೈವರೂ ಕೂತೆವು. ಅವನ ಮುಂದೆ ಚೂಡಾ, ಬೇಸನ್ ಉಂಡಿ. ಮಗ ಮನೆಯಲ್ಲಿ ಹೇಗೆ ಎಂದು ಸ್ಕೌಟ್ ತಂದೆಯನ್ನು ಕೇಳಿದ.

ಆ ಮನೆಯ ಪದ್ಧತಿಯನ್ನು ಇಲ್ಲಿ ಹೇಳಬೇಕು. ಮಗ ಚೆನ್ನಾಗಿ ಆಡಿ ಬಂದ ದಿನ ತಾಯಿ ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕುತ್ತಿದ್ದಳು. ಹೊಗೆಗೆ ಅಲಾರಂ ಕೂಗಿಕೊಂಡಾಗ ತಂದೆ ಕುರ್ಚಿ ಹತ್ತಿ ಅದನ್ನು ನಿಲ್ಲಿಸುತ್ತಿದ್ದ. ಅಂಥ ಮನೆಯಲ್ಲಿ ಹೆತ್ತವರು ಹೊರಗಿನವರೆದುರು ಮಗನನ್ನು ಹೊಗಳುವುದಿಲ್ಲ. ನನ್ನ ನೆನಪಿನ ಪ್ರಕಾರ ಗೆಳೆಯ ಇಂಗ್ಲಿಷಿನಲ್ಲಿ ಅಂದದ್ದು ಹೀಗೆ: "ಅಂಥ ವಿಶೇಷವೇನಿಲ್ಲ ಸರ್. ಉಂಡ ತಟ್ಟೆ ಎತ್ತಿಡುವುದಿಲ್ಲ. ಇವನಿಗಿಂತ ಒಳ್ಳೆಯ ಹುಡುಗರು ನಿಮಗೆ ಬಹಳ ಸಿಗುತ್ತಾರೆ."

ನಮ್ಮವರು ಯಾರಾದರೂ ಆ ಮಾತಿನಲ್ಲಿದ್ದ ಹೆಮ್ಮೆಯನ್ನು ಆ ಕ್ಷಣವೇ ಗುರುತಿಸುತ್ತಿದ್ದರು. ಸ್ಕೌಟ್ ನಕ್ಕು, ಯಾವ ತಂದೆಯೂ ತನ್ನೆದುರು ಹೀಗೆ ಹೇಳಿರಲಿಲ್ಲ ಅಂದ. ಮಗ ತನ್ನ ಮುಂದಿದ್ದ ತಟ್ಟೆಯನ್ನೇ ನೋಡುತ್ತಿದ್ದ.

ಸ್ಕೌಟ್ ಹೋದ ಮೇಲೆ ನಾನು ಗೆಳೆಯನನ್ನು ಕೇಳಿದೆ, "ಯಾಕೋ ಹಂಗಂದೆ?"

"ಮತ್ತೇನ ಅನ್ನಬೇಕಿತ್ತು? ನನ್ನ ಮಗ ಹುಲಿ ಅಂತ ನಾನ ಡಂಗುರಾ ಸಾರ್ಲೇನು? ಅದನ್ನ ನೋಡಲಿಕ್ಕೆ ಅಲ್ಲೇನು ಅಂವಗ ಪಗಾರ ಕೊಡೂದು?"

ಈ ಮಾತು ಆ ದಿನದ್ದೇ, ಬೇರೆ ದಿನದ್ದೇ, ಹೇಳಲಾರೆ. ಹೆಂಡತಿಯ ಪ್ರಕಾರ ಅವನು ಸ್ಕೌಟಿಗೆ ಅಂದದ್ದು ತಟ್ಟೆಯ ವಿಷಯ ಮಾತ್ರ, ಅದೂ ನಗುತ್ತ. ಮಗನಿಗೆ ನೆನಪಿರುವುದು, ಇವನಿಗಿಂತ ಒಳ್ಳೆಯ ಹುಡುಗರು ಸಿಗುತ್ತಾರೆ ಎಂಬ ಕೊನೆಯ ವಾಕ್ಯ ಮಾತ್ರ. ಅವನು ಅದನ್ನು ಎಷ್ಟು ಸಲ ಹೇಳಿದ್ದಾನೆಂದರೆ, ನಾನು ಅದನ್ನು ನನ್ನ ಕಿವಿಯಿಂದ ಕೇಳಿದೆನೋ ಅವನ ಬಾಯಿಂದ ಕೇಳಿದೆನೋ ಈಗ ಬೇರ್ಪಡಿಸಲಾಗುವುದಿಲ್ಲ.

ಆ ಋತುವಿನ ಕೊನೆಯ ಮ್ಯಾಚಿಗೆ ನಾನು ಗೆಳೆಯನನ್ನು ಕಾರಿನಲ್ಲಿ ಕರೆದುಕೊಂಡು ಹೋದೆ. ಅಥವಾ ಹಾಗೆಂದು ನನ್ನ ನೆನಪು. ಆ ಶನಿವಾರ ಅವನ ಹೆಂಡತಿ ಕೆಲಸದ ಶಿಫ್ಟಿನಲ್ಲಿದ್ದಳು. ಅವಳು ಮರಳಿದಾಗ ಅವನು ಹಾಸಿಗೆಯಲ್ಲೇ ಇದ್ದನಂತೆ. ನೀವು ಹಿಂದಿನ ಮ್ಯಾಚನ್ನು ಇದರೊಂದಿಗೆ ಕಲಸಿದ್ದೀರಿ ಎನ್ನುತ್ತಾಳೆ. ಇರಬಹುದು. ಎರಡು ದಿನವೂ ಅದೇ ಚಳಿ, ಅದೇ ಕಂಬಳಿ, ಅದೇ ಥರ್ಮಾಸಿನ ಗಂಜಿ. ಆಗಲೇ ಅವನಿಗೆ ಕೂತಲ್ಲಿಂದ ಏಳಲು ನನ್ನ ಭುಜ ಬೇಕಾಗುತ್ತಿತ್ತು.

ಚಳಿಗಾಲ ಮುಗಿಯುವ ಮುಂಚೆ ಅವನು ತೀರಿಕೊಂಡ. ವಸಂತದಲ್ಲಿ ಡ್ರಾಫ್ಟ್ ನಡೆದ ಸಂಜೆ ನಾನು ಅವರ ಮನೆಯಲ್ಲಿದ್ದೆ. ಟಿವಿಯಲ್ಲಿ ಹೆಸರು ಓದುತ್ತ ಹೋದರು. ತಾಯಿ ಒಲೆಯ ಮೇಲೆ ಏನೋ ಇಟ್ಟು ಬಾಗಿಲಲ್ಲಿ ನಿಂತಿದ್ದಳು. ಹೆಸರುಗಳು ಮುಗಿದವು. ಮಗ ಟಿವಿ ಆರಿಸಲಿಲ್ಲ. ಆಮೇಲೆ ಬಂದ ಜಾಹೀರಾತುಗಳನ್ನೂ ಕೂತು ನೋಡಿದ. ತಾಯಿ ಊಟಕ್ಕೆ ಕರೆದಾಗ ಎದ್ದು ಉಂಡು ತಟ್ಟೆ ತೊಳೆದಿಟ್ಟ.

ಈಗ ಅವನು ಎತ್ತರದ ಕಟ್ಟಡಗಳ ಲಿಫ್ಟ್ ಪರೀಕ್ಷಿಸುವ ಕೆಲಸದಲ್ಲಿದ್ದಾನೆ. ಆಡುವುದಿಲ್ಲ, ಆಟ ನೋಡುವುದೂ ಇಲ್ಲ. ತಂದೆಯ ವರ್ಷಾಂತಿಕದ ದಿನ ಊಟವಾದ ಮೇಲೆ ಗ್ಯಾರೇಜಿನ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿದ. ನಮ್ಮ ಕನ್ನಡ ಅವನಿಗೆ ಪೂರ್ತಿ ತಿಳಿಯುತ್ತದೆ, ಮಾತು ಮಾತ್ರ ಇಂಗ್ಲಿಷ್.

"ಅಂಕಲ್, ನೀವು ಅಲ್ಲಿದ್ದಿರಿ. ಅಪ್ಪ ಆ ಸ್ಕೌಟಿಗೆ ಹಾಗೆ ಹೇಳಿದ್ದು ನಿಜ ತಾನೇ?"

ನಾನು ಪದ್ಧತಿ ವಿವರಿಸಲು ಹೊರಟೆ. ನಮ್ಮಲ್ಲಿ ಹೊಗಳುವುದಿಲ್ಲ, ದೃಷ್ಟಿ...

"ಪದ್ಧತಿ ಗೊತ್ತು. ಹುಟ್ಟಿದಾಗಿನಿಂದ ಅದನ್ನೇ ವಿವರಿಸುತ್ತಿದ್ದೀರಿ ಎಲ್ಲರೂ. ಹಾಗೆ ಹೇಳಿದ್ದರಿಂದ ಡ್ರಾಫ್ಟ್ ತಪ್ಪಿತು ಅಂತಾನೂ ನಾನು ಅನ್ನುತ್ತಿಲ್ಲ. ನಾನು ನಿಧಾನ, ಅದು ನನಗೆ ಗೊತ್ತು. ಅಪ್ಪನಿಗೆ ನಾನು ಚೆನ್ನಾಗಿ ಆಡ್ತೀನಿ ಅಂತ ಅನ್ನಿಸಿತ್ತಾ? ಅಷ್ಟೇ ನನ್ನ ಪ್ರಶ್ನೆ."

ಅನ್ನಿಸಿತ್ತು ಎಂದುಬಿಡಬಹುದಿತ್ತು. ಆದರೆ ನನ್ನ ಬಳಿ ಇದ್ದ ಪುರಾವೆಯೆಲ್ಲ ನನ್ನ ನೆನಪಿನದು, ಅದರ ಯೋಗ್ಯತೆ ನನಗೆ ಗೊತ್ತು. ಬೇಸ್‌ಮೆಂಟಿನ ಭಾನುವಾರಗಳ ಬಗ್ಗೆ ಹೇಳಿದೆ. ಅದು ಅವನಿಗೆ ತಿಳಿದದ್ದೇ. ವೀಡಿಯೊ ಕೊಟ್ಟವನು ಅವನೇ. ಕಡೆಗೆ, ಕೊನೆಯ ಮ್ಯಾಚಿನಲ್ಲಿ ಅಪ್ಪ ಎದ್ದು ನಿಂತ ಹಾಗೆ ನೆನಪಿದೆ ಅಂದೆ.

"ಅಮ್ಮ ಹೇಳುತ್ತಾಳೆ ಅಪ್ಪ ಬಂದೇ ಇರಲಿಲ್ಲ ಅಂತ."

"ಹೌದು. ಅವಳು ಹೇಳೋದು ಸರಿ ಇದ್ದರೂ ಇರಬಹುದು."

ಅವನು ನನ್ನನ್ನು ನೋಡಿದ ರೀತಿ ತಂದೆಯದೇ. ನಾ ಕೇಳಿದ್ದು ಒಂದು, ನೀ ಹೇಳಿದ್ದು ಇನ್ನೊಂದು.

ಕೆಲವು ವಾರಗಳಾದ ಮೇಲೆ ಅವನು ಲ್ಯಾಪ್‌ಟಾಪ್ ಹಿಡಿದು ಜಾರ್ಜ್‌ಟೌನಿಗೆ ಬಂದ. ಕೊನೆಯ ಮ್ಯಾಚಿನ ಆ ಸದ್ದಿಲ್ಲದ ವೀಡಿಯೊವನ್ನು ಹಳೆಯ ಕೋಚಿನಿಂದ ಕೇಳಿ ತಂದಿದ್ದ. ತಾನಿನ್ನೂ ನೋಡಿಲ್ಲ ಅಂದ. ನನ್ನ ಊಟದ ಮೇಜಿನ ಮೇಲಿಟ್ಟು ನೋಡಿದೆವು. ಬಹಳ ಹೊತ್ತು ಮೇಲಂಚಿನ ಗ್ಯಾಲರಿ ಬರೀ ಸಾಸಿವೆ. ಕ್ಯಾಮೆರಾ ಅತ್ತಿತ್ತ ಸರಿದಾಗ ಕೆಲವು ಸಾಲುಗಳು ಬರುತ್ತಿದ್ದವು, ಹೋಗುತ್ತಿದ್ದವು. ನಾನು ಮನಸ್ಸಿನಲ್ಲೇ ಸೋಲು ಒಪ್ಪಿಕೊಳ್ಳತೊಡಗಿದ್ದೆ.

ದ್ವಿತೀಯಾರ್ಧದಲ್ಲಿ ಒಂದು ತುಣುಕು, ಚೆಂಡು ಹೊರಟು ನಿಲ್ಲುವಷ್ಟರದು. ಇವನು ಎಡತುದಿಯಲ್ಲಿ ಬಗ್ಗಿದ್ದಾನೆ. ಚೆಂಡು ಬಲಕ್ಕೆ ಹೋಗುತ್ತದೆ, ಗ್ಯಾಲರಿಯ ತಲೆಗಳೆಲ್ಲ ಬಲಕ್ಕೆ ತಿರುಗುತ್ತವೆ. ಎಡದಲ್ಲಿ ಇವನ ಕೈಗಳು ಎದುರಿನವನ ಎದೆಗೆ ಬೀಳುತ್ತವೆ, ಕಾಲು ನಿಲ್ಲದೆ ಆಡುತ್ತದೆ, ಎದುರಿನವನು ಹಿಂದೆ ಹಿಂದೆ ಹೋಗಿ ಅಂಗಾತ ಬೀಳುತ್ತಾನೆ. ಅದರಿಂದ ಯಾರಿಗೂ ಏನೂ ಲಾಭವಾಗಲಿಲ್ಲ, ಚೆಂಡು ಅಲ್ಲಿರಲಿಲ್ಲ.

"ಸ್ಟಾಪ್," ಅಂದೆ. ಅವನು ಹಿಂದಕ್ಕೆ ಹಾಕಿದ. ಮತ್ತೆ ಹಾಕಿದ. ಚಿತ್ರ ಹಿಗ್ಗಿಸಿದ.

ಗ್ಯಾಲರಿಯ ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದ, "ಅಪ್ಪನ ಪಕ್ಕದಲ್ಲಿರುವುದು ಯಾರು?"

"ನಾನು."

"ನೀವು ಬೇರೆ ಕಡೆ ನೋಡ್ತಿದ್ದೀರಿ, ಅಂಕಲ್."

ಹೌದು, ನಾನು ಚೆಂಡನ್ನು ನೋಡುತ್ತಿದ್ದೆ. ಅವನು ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡ. ನಾನು ಎದ್ದು ಹೋಗಿ ಚಹಾಕ್ಕೆ ನೀರಿಟ್ಟೆ. ನೀರು ಕುದಿದು ಇಂಗುತ್ತ ಬಂದರೂ ಒಳಗೆ ಹೋಗಲಿಲ್ಲ. ಆ ಸಂಜೆ ಅವನು ವೀಡಿಯೊದ ಒಂದು ಪ್ರತಿ ನನಗೆ ಬಿಟ್ಟು ಹೊರಟ ಮೇಲೆ ನಾನೊಬ್ಬನೇ ಇನ್ನೊಮ್ಮೆ ನೋಡಿದೆ, ಏಕೆಂದರೆ ಇಬ್ಬರು ಬಯಸಿ ನೋಡಿದ್ದನ್ನೂ ನಾನು ನಂಬುವವನಲ್ಲ. ಗೆಳೆಯ ಏಕೆ ನಿಂತ, ಏನು ಅಂದುಕೊಂಡ, ಅದು ಯಾವ ವೀಡಿಯೊದಲ್ಲೂ ಇಲ್ಲ. ಅಡುಗೆಮನೆಯ ಮಾತಿನ ಬಗ್ಗೆ ಯಾರ ನೆನಪು ಸರಿಯೋ ಅದೂ ಇಲ್ಲ. ಇರುವುದು ಇಷ್ಟು: ಅವನು ಆ ಮ್ಯಾಚಿಗೆ ಬಂದಿದ್ದ, ಮತ್ತು ಎಲ್ಲರೂ ಬಲಕ್ಕೆ ನೋಡುತ್ತಿದ್ದಾಗ ಕಂದು ಮಂಕಿ ಟೋಪಿಯ ಒಬ್ಬನೇ ಮನುಷ್ಯ, ಯಾರ ಭುಜವನ್ನೂ ಹಿಡಿಯದೆ, ಎಡಕ್ಕೆ ಮುಖ ಮಾಡಿ ಎದ್ದು ನಿಂತಿದ್ದಾನೆ.